ಒಂದು ದಾಟಿದ ಮೇಲೆ ಇನ್ನೊಂದು ಬರುತ್ತದೆ

ಮಲೆನಾಡಿನಲ್ಲಿ ಗಾಡಿ ಓಡಿಸುವ ನಾಲ್ಕು ಜನ ಸೇರಿದರೆ ಮಾತು ಹೇಗೋ ಇಲ್ಲಿಗೇ ಬಂದು ನಿಲ್ಲುತ್ತದೆ. ಯಾವ ತಿರುವಿನಲ್ಲಿ ಕಾಟಿ, ಅಂದರೆ ಕಾಡುಕೋಣ, ಅಡ್ಡ ಬಂತು, ಎಲ್ಲಿ ಕಡವೆ ಹಾರಿತು, ಯಾರ ಬೈಕಿಗೆ ಹಂದಿ ನುಗ್ಗಿತು. ಮದುವೆ ಮನೆಯ ಪಂಕ್ತಿಯಲ್ಲೂ ಇದೇ ಮಾತು, ಅಡಿಕೆ ಸುಲಿಯುವ ಚಪ್ಪರದಲ್ಲೂ ಇದೇ ಮಾತು. ನಮ್ಮೂರು ಕೊಪ್ಪದ ಆಚೆ. ಕೆಲಸ ಮಂಗಳೂರಿನಲ್ಲಿ. ಹಾಗಾಗಿ ಘಾಟಿ ಹತ್ತಿ ಇಳಿಯುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಕೆಲವು ಸಲ ಆಗುಂಬೆ ಮೇಲೆ ಹೋಗುತ್ತೇನೆ, ಕೆಲವು ಸಲ ಬಜಗೋಳಿ, ಕುದುರೆಮುಖ, ಕಳಸದ ಮೇಲೆ. ಈ ದಾರಿಗಳಲ್ಲಿ ಕೂದಲೆಳೆಯಲ್ಲಿ ಪಾರಾದ ಕತೆ ಇಲ್ಲದ ಡ್ರೈವರ್ ನನಗಿನ್ನೂ ಸಿಕ್ಕಿಲ್ಲ.

ಈ ಕತೆಗಳನ್ನು ಕೇಳ್ತಾ ಕೇಳ್ತಾ ಒಂದು ವಿಷಯ ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿದೆ. ನಾವು ಕಂಡು ಬ್ರೇಕ್ ಹಾಕಿದ ಪ್ರಾಣಿ ಸಾಮಾನ್ಯವಾಗಿ ಬದುಕಿಕೊಳ್ಳುತ್ತದೆ. ಗಾಡಿಗೆ ಸಿಗುವುದು ಅದರ ಹಿಂದೆ ಬರುವುದು. "ಅದು ದಾಟ್ತು, ನಾನು ಗೇರ್ ಹಾಕಿದೆ, ಅಷ್ಟರಲ್ಲಿ ಇನ್ನೊಂದು..." ಅನ್ನುವ ಮಾತು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ.

ನನಗೆ ಗಾಡಿ ಕಲಿಸಿದ್ದು ಸೋದರಮಾವ. ಕಾಫಿ ತೋಟಗಳಿಗೆ ಆಳುಗಳನ್ನು ಕರೆದೊಯ್ಯುವ ಜೀಪು ಅವರದ್ದು. ಕ್ಲಚ್ಚು, ಗೇರು ಎಲ್ಲ ಕಲಿಸುವ ಮೊದಲ ದಿನಗಳಲ್ಲೇ ಅವರು ಇದನ್ನೂ ಹೇಳಿದ್ದರು. "ಒಂದು ದಾಟ್ತು ಅಂದ್ರೆ ಮುಗೀತು ಅಂತ ಅಲ್ಲ ಮಾರಾಯ್ತಿ. ಅದು ಬಂದ ಬದಿಗೆ ನೋಡು, ಹೋದ ಬದಿಗೆ ಅಲ್ಲ." ಕೇಳುವಾಗ ಇದು ತೀರಾ ಸಣ್ಣ ಮಾತು. ಆದರೆ ರಸ್ತೆಯ ಮೇಲೆ ಕಣ್ಣು ಹಾಗೆ ಕೆಲಸ ಮಾಡುವುದಿಲ್ಲ. ಕಡವೆಯೊಂದು ಎಡದಿಂದ ಬಂದು ಬಲಕ್ಕೆ ಹೋದರೆ ನಮ್ಮ ಕಣ್ಣೂ ಅದರ ಜೊತೆಗೇ ಬಲಕ್ಕೆ ಹೋಗುತ್ತದೆ. ಅಬ್ಬಾ, ಎಷ್ಟು ಚಂದ ಅಂತ ನೋಡುತ್ತಾ ಇರುತ್ತೇವೆ. ಎಡಗಡೆ ಪೂರ್ತಿ ಬಿಟ್ಟುಹೋಗಿರುತ್ತದೆ. ಮರಿ ಬರುವುದು ಆ ಕಡೆಯಿಂದಲೇ.

ಇದನ್ನು ನಾನು ಕಣ್ಣಾರೆ ಕಂಡದ್ದು ಜಯಪುರ ದಾಟಿ ಶೃಂಗೇರಿ ಕಡೆ ಹೋಗುವಾಗ. ಮಳೆ ಬಿಟ್ಟ ಸಂಜೆ, ಕತ್ತಲು ಇನ್ನೂ ಪೂರ್ತಿ ಇಳಿದಿರಲಿಲ್ಲ. ಪಕ್ಕದಲ್ಲಿ ಅಮ್ಮ ಕೂತಿದ್ದರು. ತಿರುವು ಕಳೆದದ್ದೇ ಲೈಟಿನ ತುದಿಯಲ್ಲಿ ನಾಲ್ಕು ಬಿಳಿ ಕಾಲು ಕಂಡವು. ಮೈ ಕಾಣಲೇ ಇಲ್ಲ. ಕಾಟಿ ಹಾಗೆಯೇ. ಮೈಯೆಲ್ಲ ಕಪ್ಪು, ಮೊಣಕಾಲಿಂದ ಕೆಳಗೆ ಮಾತ್ರ ಬಿಳಿ. ಒದ್ದೆ ಡಾಂಬರಿನ ಮೇಲೆ ಮಬ್ಬು ಹೊತ್ತಿನಲ್ಲಿ ಅಷ್ಟು ದೊಡ್ಡ ಪ್ರಾಣಿ ರಸ್ತೆಯ ಮಧ್ಯೆ ನಿಂತಿದ್ದರೂ ಹತ್ತಿರ ಹೋಗುವವರೆಗೆ ಗೊತ್ತಾಗುವುದಿಲ್ಲ. ನಾನು ನಿಲ್ಲಿಸಿದೆ. ಹೆಣ್ಣು ಕಾಟಿ ನಿಧಾನಕ್ಕೆ ದಾಟಿ ಕೆಳಗಿನ ತೋಟಕ್ಕೆ ಇಳಿಯಿತು. ನಾನು ಕದಲಲಿಲ್ಲ.

ಹಿಂದೆ ಒಂದು ಪಿಕಪ್ ಬಂತು. ಅದರ ಡ್ರೈವರಿಗೆ ನಾನು ಯಾಕೆ ನಿಂತಿದ್ದೇನೆ ಅಂತ ಕಾಣಿಸಿರಲಿಲ್ಲ. ಎರಡು ಸಲ ಹಾರ್ನ್ ಹೊಡೆದ. ನಾನು ಕಿಟಕಿಯಿಂದ ಕೈ ಹೊರಗೆ ಹಾಕಿ ಬೇಡ ಬೇಡ ಅಂತ ಬೀಸಿದೆ. ಅದನ್ನು ಅವನು ಮುಂದೆ ಹೋಗು ಅಂದಂತೆ ತಿಳಿದನೋ ಏನೋ, ಬಲಕ್ಕೆ ಎಳೆದು ಮುಂದೆ ನುಗ್ಗಿದ. ಅದೇ ಹೊತ್ತಿಗೆ ಮೇಲಿನ ಬದಿಯಿಂದ ಕರು ಇಳಿಯಿತು. ಬ್ರೇಕಿನ ಸದ್ದು, ಟೈರು ಜಾರಿದ ಸದ್ದು, ಅಮ್ಮ "ಅಯ್ಯೋ ದೇವರೇ" ಅಂದ ಸದ್ದು ಎಲ್ಲ ಒಟ್ಟಿಗೆ ಕೇಳಿತು. ಪಿಕಪ್ ಅಡ್ಡಡ್ಡವಾಗಿ ನಿಂತಿತು. ಕರು ಅದರ ಬಂಪರಿನ ಮುಂದೆ ಒಂದು ಮಾರು ದೂರದಲ್ಲಿ ಇತ್ತು.

ಆಮೇಲೆ ಆದದ್ದು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಕರು ಮುಂದೆ ಹೋಗದೆ ಬಂದ ಬದಿಗೇ ತಿರುಗಿ ಓಡಿತು. ಆದರೆ ಅಲ್ಲಿ ಹತ್ತಲು ಆಗಲಿಲ್ಲ. ರಸ್ತೆಯಂಚಿನಲ್ಲೇ ಅತ್ತ ಇತ್ತ ಓಡಾಡಿತು. ಕೆಳಗೆ ಇಳಿದಿದ್ದ ತಾಯಿ ವಾಪಸ್ ಮೇಲೆ ಬಂತು. ರಸ್ತೆಯ ಮಧ್ಯೆ ನಿಂತು ಪಿಕಪ್ ಕಡೆಗೆ ಮುಖ ಮಾಡಿ ಮೂಗಿನಲ್ಲಿ ಜೋರಾಗಿ ಉಸಿರು ಬಿಟ್ಟಿತು. ನಾನು ಲೈಟನ್ನು ಡಿಮ್ ಮಾಡಿದೆ. ಪಿಕಪ್‌ನವನು ಪೂರ್ತಿ ಆರಿಸಿದ. ಸ್ವಲ್ಪ ಹೊತ್ತಿಗೆ ತಾಯಿ ತಿರುಗಿ ಇಳಿಯಿತು, ಕರು ಅದರ ಹಿಂದೆ ಇಳಿಯಿತು. ಅದರ ಹಿಂದೆ ನಾವು ಯಾರೂ ನೋಡಿಯೇ ಇರದಿದ್ದ ಮತ್ತೊಂದು ದೊಡ್ಡ ಹೆಣ್ಣು ಕಾಟಿ ಪೊದೆಯೊಳಗಿಂದ ಎದ್ದು ಬಂದು ದಾಟಿತು. ಅಷ್ಟು ಹೊತ್ತೂ ಅದು ಅಲ್ಲೇ ಇತ್ತು.

ಡ್ರೈವರ್ ಇಳಿದು ಮೋರಿ ಕಟ್ಟೆಯ ಮೇಲೆ ಕೂತುಬಿಟ್ಟ. ಸಣ್ಣ ಹುಡುಗ, ಇಪ್ಪತ್ತೆರಡೋ ಇಪ್ಪತ್ತಮೂರೋ ಇರಬೇಕು. ಕಾಲು ನಡುಗುತ್ತಿತ್ತು. "ಕಾಣ್ಲೇ ಇಲ್ಲ ಅಕ್ಕಾ" ಅಂತ ಅದನ್ನೇ ಹೇಳುತ್ತಿದ್ದ. ಅಮ್ಮ ಅವನಿಗೆ ನೀರು ಕೊಟ್ಟು, "ಕಾಣದಿದ್ರೆ ನಿಲ್ಲಬೇಕು ಮಗಾ" ಅಂದರು. ಬೈಯಲಿಲ್ಲ. ಬೈಯುವ ಅಗತ್ಯವೂ ಇರಲಿಲ್ಲ. ಅವನು ಸುಳ್ಳು ಹೇಳಿರಲಿಲ್ಲ, ನಿಜವಾಗಿಯೂ ಅವನಿಗೆ ಕಂಡಿರಲಿಲ್ಲ.

ರಾತ್ರಿ ರಸ್ತೆಯಲ್ಲಿ ನಮಗೆ ಎಷ್ಟು ಕಾಣುತ್ತದೆ ಅನ್ನುವುದರ ಬಗ್ಗೆ ನಮಗೆ ವಿಪರೀತ ನಂಬಿಕೆ. ಜಿಂಕೆ, ಕಡವೆ, ಚಿರತೆ, ಪುನುಗಿನ ಬೆಕ್ಕು ಇವುಗಳ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಹಿಂದಕ್ಕೆ ಎಸೆಯುವ ಒಂದು ಪದರ ಇದೆ. ಕಡಿಮೆ ಬೆಳಕಿನಲ್ಲೂ ಕಾಣಲಿ ಅಂತ ಇರುವ ಏರ್ಪಾಟು ಅದು. ಅದಕ್ಕೇ ಹೆಡ್‌ಲೈಟ್ ಬಿದ್ದರೆ ಕಣ್ಣು ಹೊಳೆಯುತ್ತದೆ. ನಾವು ಆ ಹೊಳಪನ್ನು ನಂಬಿಕೊಂಡೇ ಓಡಿಸುತ್ತೇವೆ. ಆದರೆ ಪ್ರಾಣಿ ನಮ್ಮ ಕಡೆ ನೋಡಿದರೆ ಮಾತ್ರ ಹೊಳಪು. ತಾಯಿಯ ಹಿಂದೆ ಹೋಗುವ ಮರಿ ನಮ್ಮನ್ನು ನೋಡುವುದಿಲ್ಲ, ತಾಯಿಯನ್ನು ನೋಡುತ್ತದೆ. ಹಂದಿಗಂತೂ ಆ ಪದರವೇ ಇಲ್ಲ. ಕಾಡುಹಂದಿ ನೆಟ್ಟಗೆ ನಮ್ಮ ಗಾಡಿಯನ್ನೇ ನೋಡುತ್ತಾ ನಿಂತರೂ ಜಿಂಕೆಯ ಹಾಗೆ ಕಣ್ಣು ಮಿಂಚುವುದಿಲ್ಲ. ಮೈಬಣ್ಣವೂ ಕಪ್ಪು, ಎತ್ತರವೂ ಕಡಿಮೆ. ಬೈಕಿನವರಿಗೆ ಇಷ್ಟು ಅಪಾಯದ ಪ್ರಾಣಿ ನಮ್ಮ ಕಡೆ ಬೇರೆ ಇಲ್ಲ ಅಂತ ನನ್ನ ಅನಿಸಿಕೆ. ಚಿರತೆ ಕಂಡಿತು ಅಂದರೆ ಊರಿಗೆಲ್ಲ ಸುದ್ದಿ. ಹಂದಿ ಹೊಡೆದು ಭುಜದ ಮೂಳೆ ಮುರಿದುಕೊಂಡವರ ಸುದ್ದಿ ಪಕ್ಕದ ಮನೆಗೂ ತಲುಪುವುದಿಲ್ಲ. ಭತ್ತ ತೆನೆ ಕಟ್ಟುವ ಹೊತ್ತಿಗೆ ಗದ್ದೆ ಬದಿಯ ರಸ್ತೆಯಲ್ಲಿ ಹಂದಿ ದಾಟುವುದು ಹೇಗೆ ಅಂತ ನೋಡಿದವರಿಗೆ ಗೊತ್ತು. ಮೊದಲು ಒಂದು ದೊಡ್ಡದು, ಆಮೇಲೆ ಮರಿಗಳ ಸಾಲು, ಕೊನೆಗೆ ಇನ್ನೊಂದು ದೊಡ್ಡದು. ಸಾಲಿನ ಮಧ್ಯೆ ಗಾಡಿ ಬಂದರೂ ಅವು ನಿಲ್ಲುವುದಿಲ್ಲ.

ಲೆಕ್ಕ ಹಾಕಿ ನೋಡಿದರೆ ಇನ್ನೂ ಸ್ಪಷ್ಟವಾಗುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ 22 ಮೀಟರ್. ಕಣ್ಣಿಗೆ ಬಿದ್ದದ್ದು ತಲೆಗೆ ಹೋಗಿ ಕಾಲು ಬ್ರೇಕಿನ ಮೇಲೆ ಬೀಳಲು ಒಂದು, ಒಂದೂವರೆ ಸೆಕೆಂಡು ಬೇಕು. ಆಮೇಲೆ ಗಾಡಿ ನಿಲ್ಲಲು ಒಣಗಿದ ರಸ್ತೆಯಲ್ಲೇ ಮತ್ತೆ 35 ಮೀಟರ್ ಹತ್ತಿರ. ಒಟ್ಟು ಸುಮಾರು 60 ಮೀಟರ್. ಡಿಮ್ ಲೈಟಿನಲ್ಲಿ ಚೆನ್ನಾಗಿ ಕಾಣುವುದು 40, ಹೆಚ್ಚೆಂದರೆ 50 ಮೀಟರ್. ಅಂದರೆ ಕಾಣುವ ಹೊತ್ತಿಗೇ ಹೊತ್ತು ಮೀರಿರುತ್ತದೆ. ಅದೇ 40ರ ವೇಗದಲ್ಲಿದ್ದರೆ 20ರಿಂದ 25 ಮೀಟರ್‌ನಲ್ಲಿ ಗಾಡಿ ನಿಂತುಬಿಡುತ್ತದೆ. ವೇಗ ಅರ್ಧ ಮಾಡಿದರೆ ನಿಲ್ಲುವ ದೂರ ಅರ್ಧಕ್ಕಿಂತಲೂ ಕಡಿಮೆ. ಮಳೆ, ಕೆಸರು, ಎಲೆ ಉದುರಿದ ರಸ್ತೆ ಆದರೆ ಈ ಲೆಕ್ಕ ಇನ್ನೂ ಕೆಡುತ್ತದೆ.

ನನ್ನದೇ ಗಾಡಿಗೆ ತೀರಾ ಹತ್ತಿರ ಬಂದದ್ದು ಕುದುರೆಮುಖದ ದಾರಿಯ ಕಡವೆ. ಮಂಜು ದಟ್ಟವಾಗಿತ್ತು. ನಡೆದು ಹೋದರೆ ಎಷ್ಟೋ ಅಷ್ಟೇ ವೇಗ. ಮೇಲಿನಿಂದ ಹಾರಿದ ಕಡವೆಯ ಹಿಂಗಾಲಿನ ಗೊರಸು ಬಾನೆಟ್ಟಿಗೆ ಟಕ್ ಅಂತ ತಾಗಿತು. ಅಷ್ಟೇ. ಅದು ಹೋಯಿತು, ನಾನು ನಿಂತೆ. ಮಂಜು ಇಲ್ಲದ ದಿನ ಆಗಿದ್ದರೆ ನನ್ನ ವೇಗ ಜಾಸ್ತಿ ಇರುತ್ತಿತ್ತು, ಅದು ಬಾನೆಟ್ಟಿನ ಮೇಲೆ ಬೀಳುತ್ತಿತ್ತು. ಎತ್ತರದ ಪ್ರಾಣಿಗಳ ವಿಷಯದಲ್ಲಿ ಇದೇ ಭಯ. ಕಾರು ಅವುಗಳ ಕಾಲಿಗೆ ಹೊಡೆಯುತ್ತದೆ, ಮೈ ಗಾಜಿನ ಮೇಲೆ ಬರುತ್ತದೆ. ಬೆಳೆದ ಗಂಡು ಕಾಟಿ ಒಂದು ಟನ್ನಿನ ಹತ್ತಿರ ತೂಗುತ್ತದೆ. ಎಷ್ಟೋ ಸಣ್ಣ ಕಾರುಗಳಿಗಿಂತ ಅದೇ ಭಾರ.

ಸಣ್ಣವುಗಳ ಬಗ್ಗೆ ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಮೊದಲ ಮಳೆಯ ರಾತ್ರಿ ರಸ್ತೆ ತುಂಬ ಕಪ್ಪೆ. ಹಗಲಿನ ಬಿಸಿ ಹಿಡಿದಿಟ್ಟುಕೊಂಡ ಡಾಂಬರಿನ ಮೇಲೆ ಸಂಜೆ ಬಂದು ಮಲಗುವ ಹಾವು. ಮುಳ್ಳುಹಂದಿ, ಕಾಡುಪಾಪ, ಮೊಲ. ಇವುಗಳ ಮೇಲೆ ಚಕ್ರ ಹತ್ತಿದರೆ ಗಾಡಿಯಲ್ಲಿ ಕೂತವರಿಗೆ ಗೊತ್ತೂ ಆಗುವುದಿಲ್ಲ. ಆಗುಂಬೆ ಕಡೆ ಕಾಳಿಂಗ ಸರ್ಪ ದಾಟುವಾಗ ಜನ ಎರಡೂ ಬದಿ ಗಾಡಿ ನಿಲ್ಲಿಸಿ ಕಾಯುವುದನ್ನು ನೋಡಿದ್ದೇನೆ. ಬಸ್ಸಿನವರೂ ಕಾಯುತ್ತಾರೆ. ಆ ತಾಳ್ಮೆ ನಮ್ಮ ಜನರಲ್ಲಿ ಇದೆ. ಒಂದು ಕಪ್ಪೆಗೂ ಅದು ಸಿಗಲಿ ಅಂತ ಕೇಳುವುದು ಅತಿಯಾಯಿತೇನೋ, ಆದರೂ ಕೇಳುತ್ತೇನೆ.

ಡ್ರೈವರ್‌ಗಳ ತಾಳ್ಮೆಯೊಂದನ್ನೇ ನಂಬಿ ಕೂರಲು ಆಗುವುದಿಲ್ಲ ಅಂತ ನಮ್ಮ ರಾಜ್ಯ ಬಹಳ ಹಿಂದೆಯೇ ಕಂಡುಕೊಂಡಿದೆ. ಬಂಡೀಪುರ 1973ರಲ್ಲಿ ಹುಲಿ ಯೋಜನೆ ಶುರುವಾದಾಗಲೇ ಸೇರಿದ ಕಾಡು. ಅದರೊಳಗೆ ಎರಡು ಹೆದ್ದಾರಿ ಹಾದುಹೋಗುತ್ತವೆ. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿ ಕಡೆಗೆ 766, ಊಟಿ ಕಡೆಗೆ 181. ಈ ರಸ್ತೆಗಳಲ್ಲಿ 2009ರಲ್ಲಿ ಚಾಮರಾಜನಗರ ಜಿಲ್ಲಾಡಳಿತ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಲ್ಲಿಸಿತು. 2010ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಂಬುಲೆನ್ಸ್ ಮತ್ತು ಕೆಲವೇ ಬಸ್ಸುಗಳಿಗೆ ಮಾತ್ರ ಅವಕಾಶ. ಉಳಿದವರು ಹುಣಸೂರು, ಗೋಣಿಕೊಪ್ಪ, ಕುಟ್ಟ ಸುತ್ತಿ ಹೋಗಬೇಕು. ವಯನಾಡಿನ ಜನರಿಗೆ ಇದು ಕಷ್ಟ, ಅದನ್ನು ಹಗುರವಾಗಿ ಮಾತಾಡುವುದು ತಪ್ಪು. 2019ರಲ್ಲಿ ಬತ್ತೇರಿಯಲ್ಲಿ ಜನ ಉಪವಾಸ ಕೂತರು. ತರಕಾರಿ ವ್ಯಾಪಾರ, ಮೈಸೂರಿನ ಆಸ್ಪತ್ರೆ, ಬೆಂಗಳೂರಿನಲ್ಲಿ ಕೆಲಸ ಮಾಡುವ ಮಕ್ಕಳು, ಎಲ್ಲದಕ್ಕೂ ಅದೇ ದಾರಿ. ಆದರೂ ಆ ಒಂಬತ್ತು ಗಂಟೆ ಕಾಡಿಗೆ ಸಲ್ಲಬೇಕು ಅಂತಲೇ ನನ್ನ ನಂಬಿಕೆ. ಕಾಡಿನ ಮಧ್ಯೆ ರಾತ್ರಿ ಹುಷಾರಾಗಿ ಓಡಿಸಿ ಅನ್ನುವ ಬೋರ್ಡು ಹಾಕಿ ಯಾವ ಹೆದ್ದಾರಿಯೂ ಬದಲಾದದ್ದನ್ನು ನಾನು ನೋಡಿಲ್ಲ.

ನನಗೆ ಅಲ್ಲಿ ಚಿಂತೆ ಹಚ್ಚುವುದು ಗೇಟು ಬೀಳುವ ಮೊದಲಿನ ಹೊತ್ತು. ಎಂಟೂವರೆ ಸುಮಾರಿಗೆ ಗುಂಡ್ಲುಪೇಟೆ ಬದಿಯ ಮದ್ದೂರು ಚೆಕ್‌ಪೋಸ್ಟ್ ಕಡೆಯಿಂದ ಒಳಗೆ ಹೋಗಿ ನೋಡಿ. ಒಂಬತ್ತರೊಳಗೆ ಆಚೆ ಸೇರಬೇಕು ಅಂತ ಎಲ್ಲರಿಗೂ ಅವಸರ. ಕಾರಿನ ಹಿಂದೆ ಕಾರು, ಲಾರಿಯ ಹಿಂದೆ ಲಾರಿ. ಜಿಂಕೆಗಳು ರಸ್ತೆ ಬದಿಯ ಹುಲ್ಲಿಗೆ ಬಂದಿರುವ ಹೊತ್ತೂ ಅದೇ. ರಸ್ತೆಯ ಎರಡೂ ಕಡೆ ಪೊದೆ ಸವರಿದ ಜಾಗದಲ್ಲಿ ಬಿಸಿಲು ಬಿದ್ದು ಎಳೆ ಹುಲ್ಲು ಚಿಗುರುತ್ತದೆ, ಅದಕ್ಕೇ ಅವು ಅಲ್ಲಿಗೆ ಬರುತ್ತವೆ. ರಸ್ತೆಗೆ ಅಷ್ಟಷ್ಟು ದೂರಕ್ಕೆ ಹಂಪ್ ಹಾಕಿದ್ದಾರೆ. ಹಂಪು ಬಂದ ತಕ್ಷಣ ಬ್ರೇಕು, ದಾಟಿದ ತಕ್ಷಣ ಆಕ್ಸಿಲರೇಟರು. ಕತ್ತಲಾದ ಮೇಲೆ ಗಾಡಿಗಳನ್ನು ಒಳಗೆ ಬಿಡುವ ಸಮಯವನ್ನಾದರೂ ಸ್ವಲ್ಪ ಮುಂಚೆ ಮುಗಿಸಿದರೆ ಆ ಓಟ ತಪ್ಪುತ್ತದೆ.

ಆನೆಯ ವಿಷಯ ಪೂರ್ತಿ ಬೇರೆ. ಆನೆ ಅಡ್ಡ ಬಂದು ಗಾಡಿಗೆ ತಾಗುವುದು ಕಡಿಮೆ. ನಾವು ಅದಕ್ಕೆ ಅಡ್ಡ ಹೋಗುವುದೇ ಜಾಸ್ತಿ. ಹಿಂಡು ದಾಟುವಾಗ ಮರಿ ದೊಡ್ಡವುಗಳ ನಡುವೆ ಇರುತ್ತದೆ. ನಾಲ್ಕು ದಾಟಿದವು, ಜಾಗ ಆಯ್ತು ಅಂತ ಯಾರಾದರೂ ಮುಂದೆ ನುಗ್ಗಿದರೆ ಅವರು ಹೋಗಿ ನಿಲ್ಲುವುದು ತಾಯಿ ಮತ್ತು ಮರಿಯ ಮಧ್ಯೆ. ಅಲ್ಲಿಂದ ಮುಂದಕ್ಕೆ ಆಗುವುದಕ್ಕೆ ಆನೆಯನ್ನು ದೂರಿ ಪ್ರಯೋಜನ ಇಲ್ಲ. ದೂರದಲ್ಲೇ ನಿಲ್ಲಿ, ಎಂಜಿನ್ ಆರಿಸಬೇಡಿ, ಹಾರ್ನ್ ಬೇಡ, ಲೈಟು ಮಿಣುಕಿಸುವುದು ಬೇಡ. ಆನೆ ನಮ್ಮ ಕಡೆ ಹೆಜ್ಜೆ ಇಟ್ಟರೆ ನಿಧಾನಕ್ಕೆ ಹಿಂದೆ ಬನ್ನಿ. ಫೋಟೋಗೆ ಇಳಿಯುವವರನ್ನು ನೋಡಿದರೆ ನನಗೆ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಗುತ್ತದೆ. ಅವರಿಗೆ ಏನಾದರೂ ಆದರೆ ಮರುದಿನ ಪುಂಡಾನೆ ಅನ್ನುವ ಹೆಸರು ಬರುವುದು ಆ ಆನೆಗೆ. ಚಾಮರಾಜನಗರದಿಂದ ಸತ್ಯಮಂಗಲದ ದಾರಿಯಲ್ಲಿ ಆನೆಗಳು ಕಬ್ಬಿನ ಲಾರಿ ಬರುವುದನ್ನು ಕಾದು ನಿಲ್ಲುತ್ತವೆ. ಕಬ್ಬು ಎಸೆದು ಎಸೆದು ಅದನ್ನು ಅವಕ್ಕೆ ಕಲಿಸಿದ್ದು ನಾವು.

ಆದರೆ ಆನೆಯ ವಿಷಯದಲ್ಲೇ ಒಳ್ಳೆಯ ಕೆಲಸವೂ ನಡೆದಿದೆ. ತಮಿಳುನಾಡಿನ ವಾಲ್ಪಾರೈಯಲ್ಲಿ ಚಹಾ ತೋಟಗಳ ನಡುವೆ ಆನೆ ಓಡಾಡುವ ಕಡೆ ಕೆಂಪು ದೀಪ ಹಾಕಿದರು. ಹತ್ತಿರ ಆನೆ ಇದ್ದರೆ ದೀಪ ಹೊತ್ತುತ್ತದೆ, ಊರವರ ಮೊಬೈಲಿಗೆ ಮೆಸೇಜು ಬರುತ್ತದೆ. ಆಮೇಲೆ ನಮ್ಮ ಹಾಸನ ಜಿಲ್ಲೆಯಲ್ಲೂ, ಸಕಲೇಶಪುರ, ಆಲೂರು ಕಡೆ, ಮೆಸೇಜು ಮತ್ತು ರಸ್ತೆ ಬದಿಯ ಡಿಜಿಟಲ್ ಬೋರ್ಡು ಬಂದವು. ಇಲ್ಲಿ ಮುಂದೆ ಆನೆ ಇದೆ ಅಂತ ಇವತ್ತಿನ ದಿನ, ಈ ಹೊತ್ತಿಗೆ ಹೇಳುವ ಬೋರ್ಡಿಗೆ ಜನ ಬೆಲೆ ಕೊಡುತ್ತಾರೆ. ವರ್ಷವಿಡೀ ಒಂದೇ ಜಾಗದಲ್ಲಿ ಒಂದೇ ಚಿತ್ರ ತೋರಿಸುವ ಹಳದಿ ಬೋರ್ಡಿಗೆ ಯಾರು ಕಣ್ಣೆತ್ತಿ ನೋಡುತ್ತಾರೆ, ಅಲ್ವಾ?

ಇನ್ನೊಂದು ದಾರಿ ರಸ್ತೆಯನ್ನೇ ಎತ್ತುವುದು. ನಾಗಪುರದಿಂದ ಸಿವನಿ ಕಡೆ ಹೋಗುವ 44ನೇ ಹೆದ್ದಾರಿ ಪೆಂಚ್ ಕಾಡನ್ನು ದಾಟುವಲ್ಲಿ, ಮಹಾರಾಷ್ಟ್ರದ ಭಾಗದಲ್ಲಿ, ಪ್ರಾಣಿಗಳು ಕೆಳಗಿಂದ ದಾಟಲು ಒಂಬತ್ತು ಕಡೆ ಜಾಗ ಬಿಟ್ಟು ಕಟ್ಟಿದ್ದಾರೆ. ಹುಲಿಯೂ ಅದರ ಕೆಳಗೆ ಹಾದುಹೋದ ಚಿತ್ರ ಕ್ಯಾಮೆರಾದಲ್ಲಿ ಸಿಕ್ಕಿದೆ. ಇದು ನಾಲ್ಕು ಪಥದ ಹೆದ್ದಾರಿಗೆ ಸರಿ. ನಮ್ಮೂರಿನಂಥ ರಸ್ತೆಗೆ ಯಾರೂ ಇಷ್ಟು ದುಡ್ಡು ಹಾಕುವುದಿಲ್ಲ, ಹಾಕುವುದೂ ಬೇಡ. ನಮಗೆ ಬೇಕಾದದ್ದು ತೀರಾ ಸಣ್ಣದು.

ಧರೆ, ಅಂದರೆ ರಸ್ತೆಗೆ ಗುಡ್ಡ ಕಡಿದಾಗ ಬದಿಯಲ್ಲಿ ಉಳಿಯುವ ಮಣ್ಣಿನ ಗೋಡೆ. ಮಲೆನಾಡಿನ ರಸ್ತೆಗಳೆಲ್ಲ ಗುಡ್ಡದ ಪಕ್ಕೆ ಕಡಿದು ಮಾಡಿದವು. ಮೇಲೆ ಧರೆ, ಕೆಳಗೆ ಇಳಿಜಾರು. ಹಳೆಯ ಧರೆಗಳು ತಗ್ಗಾಗಿದ್ದವು. ಮಳೆಗೆ ಕುಸಿದು, ಹುಲ್ಲು ಬೆಳೆದು, ಅಲ್ಲಲ್ಲಿ ದನ ಹತ್ತಿ ಇಳಿದು ಕಂಡಿ ಬಿದ್ದಿರುತ್ತಿದ್ದವು. ಕಾಡಿನ ಪ್ರಾಣಿಗಳೂ ಅದರಲ್ಲೇ ಓಡಾಡುತ್ತಿದ್ದವು. ಈಗ ರಸ್ತೆ ಅಗಲ ಮಾಡುವಾಗ ಜೆಸಿಬಿಯಲ್ಲಿ ಧರೆಯನ್ನು ನೆಟ್ಟಗೆ ಕಡಿಯುತ್ತಾರೆ. ಎರಡಾಳು ಎತ್ತರದ ಗೋಡೆ. ಕೆಲವು ಕಡೆ ಕಾಂಕ್ರೀಟು ಕೂಡ. ಕೆಳಗಿಂದ ಬಂದ ಪ್ರಾಣಿಗೆ ಮೇಲೆ ಹತ್ತಲು ಜಾಗವೇ ಇಲ್ಲ. ಅದು ರಸ್ತೆಯಲ್ಲೇ ಓಡುತ್ತದೆ. ಹಿಂದಿಂದ ಗಾಡಿ, ಮುಂದಿಂದ ಗಾಡಿ. ಕಾಟಿ ನಮ್ಮ ಕಾರಿನ ಮುಂದೆ ಅರ್ಧ ಫರ್ಲಾಂಗು ಓಡಿತು ಅಂತ ವಿಡಿಯೋ ಹಾಕುತ್ತಾರಲ್ಲ, ಆ ವಿಡಿಯೋದಲ್ಲಿ ಕಾಟಿಯನ್ನು ಬಿಟ್ಟು ಎರಡೂ ಬದಿ ನೋಡಿ. ಅದು ಎಲ್ಲಿಗೆ ಹೋಗಬೇಕಿತ್ತು? ಪಿಕಪ್ ಮುಂದೆ ಆ ಕರು ಅತ್ತಿತ್ತ ಓಡಾಡಿದ್ದೂ ಹೊಸದಾಗಿ ಕಡಿದ ಧರೆಯ ಬುಡದಲ್ಲೇ. ಇಳಿಯುವಾಗ ಹೇಗೋ ಜಾರಿ ಇಳಿದುಬಿಟ್ಟಿತ್ತು, ಮೇಲೆ ಹತ್ತಲು ಅದಕ್ಕೆ ಆಗಲಿಲ್ಲ.

ಪ್ರಾಣಿ ಎಲ್ಲಿ ದಾಟುತ್ತದೆ ಅನ್ನುವುದು ಗುಟ್ಟಿನ ವಿಷಯವೇ ಅಲ್ಲ. ಬೆಳಿಗ್ಗೆ ಡೈರಿಗೆ ಹಾಲು ಒಯ್ಯುವವರಿಗೆ ಗೊತ್ತು, ಪೇಪರ್ ಹಾಕುವ ಹುಡುಗನಿಗೆ ಗೊತ್ತು, ಶಾಲೆ ಮಕ್ಕಳ ವ್ಯಾನಿನವರಿಗೆ ಗೊತ್ತು. ಹಳ್ಳಕ್ಕೆ ನೀರು ಕುಡಿಯಲು ಇಳಿಯುವ ಜಾಗ, ಹಲಸಿನ ಹಣ್ಣಿನ ಕಾಲದಲ್ಲಿ ಕಾನಿನಿಂದ ತೋಟಕ್ಕೆ ಬರುವ ಜಾಗ, ಎಲ್ಲ ವರ್ಷ ವರ್ಷವೂ ಅದೇ. ರಸ್ತೆ ಕೆಲಸಕ್ಕೆ ಅಳತೆ ಮಾಡಲು ಬಂದವರು ಮೋರಿ ಎಲ್ಲಿ ಬೇಕು ಅಂತ ಊರವರನ್ನು ಕೇಳುತ್ತಾರೆ. ಕಂಡಿ ಎಲ್ಲಿ ಬೇಕು ಅಂತ ಕೇಳಿದ್ದನ್ನು ಕಂಡಿಲ್ಲ.

ಹಾಗಾಗಿ ಈ ಸಲ ಅವರು ಕೇಳುವ ಮೊದಲೇ ನಾವು ಹೇಳಲು ಹೊರಟಿದ್ದೇವೆ. ನಮ್ಮೂರ ರಸ್ತೆಯ ಮುಂದಿನ ಭಾಗ ಅಗಲ ಆಗುವುದಿದೆ. ಮಾವ, ವ್ಯಾನಿನವರು, ಹಾಲಿನವರು ಎಲ್ಲರ ಹತ್ತಿರ ಕೇಳಿ ದಾಟುವ ಜಾಗಗಳ ಪಟ್ಟಿ ಮಾಡಿದೆ. ಒಂದೊಂದು ಜಾಗಕ್ಕೂ ಮೊಬೈಲಿನಲ್ಲಿ ಗುರುತು ಹಾಕಿ, ಯಾವ ಪ್ರಾಣಿ, ಯಾವ ತಿಂಗಳು ಅಂತ ಬರೆದೆ. ಮೂರು ಬೇಡಿಕೆ ಇಟ್ಟಿದ್ದೇವೆ. ಆ ಜಾಗಗಳಲ್ಲಿ ಧರೆಯನ್ನು ನೆಟ್ಟಗೆ ಕಡಿಯದೆ ಇಳಿಜಾರು ಬಿಡಬೇಕು, ಎರಡೂ ಬದಿ ಕಾಣುವಷ್ಟು ಪೊದೆ ಸವರಬೇಕು, ಅದಕ್ಕೂ ಸ್ವಲ್ಪ ಮುಂಚೆ ವೇಗ ತಗ್ಗಿಸುವ ಪಟ್ಟಿ ಎಳೆಯಬೇಕು. ಪಂಚಾಯ್ತಿಯಲ್ಲಿ ಇದನ್ನು ಓದಿದಾಗ ಯಾರೂ ವಿರೋಧ ಮಾಡಲಿಲ್ಲ. ಪಟ್ಟಿಯಲ್ಲಿ ಇಲ್ಲದ ಇನ್ನೊಂದು ಜಾಗವನ್ನೂ ಅಲ್ಲಿದ್ದವರೇ ಸೇರಿಸಿದರು. ಎರಡು ಕಡೆ ಇಳಿಜಾರು ಬಿಡುತ್ತೇವೆ ಅಂತ ಎಂಜಿನಿಯರ್ ಬಾಯಿಮಾತಿನಲ್ಲಿ ಹೇಳಿದ್ದಾರೆ. ಅದನ್ನು ಕಾಗದದಲ್ಲಿ ಬರೆಸಿಕೊಳ್ಳುವ ಕೆಲಸ ಬಾಕಿ ಇದೆ, ಉಳಿದ ಜಾಗಗಳಿಗೆ ಒಪ್ಪಿಸುವುದೂ ಬಾಕಿ ಇದೆ. ದೀಪಾವಳಿ ಕಳೆದ ಮೇಲೆ ಜೆಸಿಬಿ ಬರುತ್ತದೆ. ಅಷ್ಟರೊಳಗೆ ಆಗಬೇಕು.